ಸಾಥ್ ಮಾಡಾಂವ ಒಬ್ಬನ ಕುಂತಾಗ: ಹಾವೇರಿ ಕಡೆ ಹುಡುಗನ ಎಲೆಕ್ಟ್ರಾನಿಕ್ ಸಂಗೀತ, ಒಂದು ಪ್ರಕರಣ ಅಧ್ಯಯನ

ಸಾಥ್ ಅಂದ್ರ ಹಾಡೋರ ಬಾಜೂಕ ಕುಂತು ಅವರಿಗೆ ಹೊಂದಿಸಿ ಬಾರ್ಸೋದು. ಮೊದ್ಲ ಒಂದ ಮಾತು. ಇದರಾಗ ಬರೋ ಸಂಗೀತಗಾರನ ಹೆಸರು, ಅವನ ಊರು, ಬ್ಯಾಂಡಿನ ಹೆಸರು, ಹಾಡಿನ ಹೆಸರು ಯಾವುದೂ ಹಾಕಿಲ್ಲ, ಗುರ್ತು ಹತ್ತಬಾರ್ದು ಅಂತ ಒಂದೆರಡು ವಿವರ ಬದಲೂ ಮಾಡೀನಿ, ಅವನಿಗೂ ಅವನ ದೊಡ್ಡವ್ವಗೂ ಓದಿ ಹೇಳಿ ಒಪ್ಪಿಗಿ ತಗೊಂಡ ಮ್ಯಾಲನ ಹಾಕಾಕತ್ತೀನಿ. ನಂದು ಧಾರವಾಡದಾಗ ಒಂದು ಸಣ್ಣ ರೆಕಾರ್ಡಿಂಗ್ ರೂಮ್ ಐತಿ, ಭಜನಿ ಪದ, ನಾಟಕದ ದನಿ, ಚುನಾವಣಿ ಬಂದಾಗ ಪ್ರಚಾರದ ಆಡಿಯೋ, ಹಿಂಗ ನಡೀತೈತಿ. ಈ ಹುಡುಗ ಅಲ್ಲಿಗೆ ಬರಾಂವ. ಅಂವಗ ನಾ ಒಂದೆರಡು ತಪ್ಪು ಸಲಹಾನೂ ಕೊಟ್ಟೀನಿ, ಅವನ್ನೂ ಬಿಡದ ಬರದೀನಿ, ಯಾಕಂದ್ರ ಕಲಿಯೋದು ಅಲ್ಲೇ ಹೆಚ್ಚೈತಿ.

ಹಿನ್ನೆಲೆ

ಹುಡುಗ ಹಾವೇರಿ ಜಿಲ್ಲಾದಾಂವ. ಅಪ್ಪ ಊರ ಭಜನಾ ಮಂಡಳಿಯೊಳಗ ಪೇಟಿ (ಹಾರ್ಮೋನಿಯಂ) ಬಾರಸ್ತಿದ್ರು, ಇಂವ ಸಣ್ಣಾಂವ ಇದ್ದಾಗಿಂದ ತಾಳ ಹಿಡ್ಕೊಂಡು ಬಾಜೂಕ ಕುಂದ್ರತಿದ್ದ, ಆಮ್ಯಾಲ ತಾಲೂಕಿನ ಊರಾಗ ಒಬ್ಬ ಮಾಸ್ತರ್ ಹತ್ರ ಆರು ವರ್ಷ ತಬಲಾ ಕಲ್ತ. ಡಿಗ್ರಿಗೆ ಧಾರವಾಡಕ್ಕ ಬಂದಾಗ ಹಾಸ್ಟೆಲಿನ ಸೀನಿಯರ್ ಒಬ್ಬನ ಗಿಟಾರ್ ಮ್ಯಾಲ ಕೈ ಇಟ್ಟ. ಹುಬ್ಬಳ್ಳಿಯೊಳಗ ನಾಕು ಮಂದಿ ಕೂಡಿ ಬ್ಯಾಂಡ್ ಕಟ್ಟಿದಾಗ ಬೇಸ್ ಬಾರ್ಸೋರು ಸಿಗಲಿಲ್ಲ ಅಂತ ಬೇಸ್ ಕಲ್ತ, ಡ್ರಮ್ಮರ್ ಪ್ರಾಕ್ಟೀಸಿಗೆ ತಪ್ಪಸ್ತಿದ್ದ ಅಂತ ಡ್ರಮ್ಸ್ ಕಲ್ತ, ಕೀಬೋರ್ಡ್ ಆರ್ಕೆಸ್ಟ್ರಾದಾಗ ರೊಕ್ಕ ಬರ್ತೈತಿ ಅಂತ ಕಲ್ತ. ಕೊಳಲು ಒಂದ ತನ್ನ ಖುಷಿಗೆ ಹಿಡದದ್ದು. ಇದನ್ನ ಬಿಡಿಸಿ ಯಾಕ ಹೇಳಾಕತ್ತೀನಿ ಅಂದ್ರ, ಅಂವ ಕಲ್ತ ವಾದ್ಯದಾಗ ಅರ್ಧಕ್ಕರ್ಧ ಯಾರೋ ಬರ್ಲಿಲ್ಲ, ಆ ಜಾಗಾ ತುಂಬಬೇಕು ಅಂತ ಕಲ್ತದ್ದು.

ಹಂಗ ನೋಡಿದ್ರ ನಮ್ಮ ಕಡೆ ಒಬ್ಬನ ಮನಷ್ಯಾ ನಾಕೈದು ವಾದ್ಯ ಬಾರ್ಸೋದು ಹೊಸಾದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ವಾಯೋಲಿನ್, ಸಾರಂಗಿ ಎಲ್ಲಾ ಬಾರಸ್ತಿದ್ರು, 2010ರಾಗ ಅವರು ಲಿಂಗೈಕ್ಯರಾದ್ರೂ ಅಲ್ಲಿ ಕಲ್ತು ಬಂದ ಮಂದಿ ಇವತ್ತಿಗೂ ಹಾಡ್ತಾರ, ಪೇಟಿ ಹಿಡೀತಾರ, ಹೊತ್ತು ಬಂದ್ರ ತಬಲಾಕ್ಕೂ ಕುಂದರ್ತಾರ. ಹಂಗಾಗಿ ಇಂವನ್ನ ಯಾರೂ ವಿಚಿತ್ರ ಅಂತ ನೋಡ್ಲಿಲ್ಲ, "ಆಲ್‌ರೌಂಡರ್" ಅಂತ ಕರದ್ರು, ಅಂವಗೂ ಆ ಹೆಸರು ಛಲೋ ಅನಸ್ತಿತ್ತು.

ಬ್ಯಾಂಡ್ ನಾಕು ವರ್ಷ ನಡೀತು. ಶಿಶುನಾಳ ಶರೀಫರ ತತ್ವಪದಕ್ಕ ಗಿಟಾರ್ ಹಚ್ಚಿ ಹಾಡೋದು, ಸ್ವಂತದ್ದು ಏಳೆಂಟು ಹಾಡು, ಕಾಲೇಜ್ ಫೆಸ್ಟ್, ಗಣಪತಿ ಹಬ್ಬದಾಗ ಪೆಂಡಾಲ್ ಶೋ. ಹೊಟ್ಟಿಗೆ ಮದವಿ ಆರ್ಕೆಸ್ಟ್ರಾ. ಹಾಡ್ತಿದ್ದ ದೋಸ್ತ ಪುಣೆಗೆ ನೌಕರಿಗೆ ಹೋದ, ಗಿಟಾರಿನಾಂವ ಬೆಂಗಳೂರಿಗೆ ಹೋದ, ಯಾರ್ ಮ್ಯಾಲೂ ಯಾರಿಗೂ ಸಿಟ್ಟಿಲ್ಲ, ಜಗಳ ಇಲ್ಲ, ಗ್ರೂಪಿನಾಗ ಮೆಸೇಜ್ ಬರೋದು ಕಡಿಮಿ ಆತು ಅಷ್ಟ. ಅಷ್ಟರಾಗ 2020ರ ಲಾಕ್‌ಡೌನ್ ಬಂತು, ಆರ್ಕೆಸ್ಟ್ರಾನೂ ನಿಂತು, ಹುಡುಗ ಗಿಟಾರ್, ತಬಲಾ, ಹಳೇ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋದ. ಡ್ರಮ್ ಕಿಟ್ ಮಾರಿ ಆ ರೊಕ್ಕದಾಗ ಮೈಕಿನ ದನಿ ಲ್ಯಾಪ್‌ಟಾಪಿಗೆ ಹಾಕೋ ಒಂದು ಆಡಿಯೋ ಇಂಟರ್‌ಫೇಸ್, ಸಾಫ್ಟ್‌ವೇರಿನ ವಾದ್ಯ ಬಾರ್ಸಾಕ ಒಂದು ಸಣ್ಣ ಮಿಡಿ ಕೀಬೋರ್ಡ್ ತಗೊಂಡ. ಸಾಫ್ಟ್‌ವೇರ್ ಕದ್ದದ್ದು ಹಾಕ್ಕೋಬ್ಯಾಡ ಅಂತ ನಾನ ಹೇಳಿದ್ದೆ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ 60 ದಿನ ಪುಗಸಟ್ಟೆ ಬಳಸಾಕ ಬರ್ತೈತಿ, ಆಮ್ಯಾಲ ಲೈಸೆನ್ಸ್ 60 ಡಾಲರ್. ಅದೊಂದು ಸಲಹಾ ಸರಿ ಇತ್ತು.

ತೊಂದ್ರಿ ಎಲ್ಲಿತ್ತು

ಎಂಟು ತಿಂಗಳಾಗ ಆರು ಪೀಸ್ ಮಾಡ್ಕೊಂಡ ಬಂದ. ಒಂದೊಂದರಾಗೂ ನಲವತ್ತು ಐವತ್ತು ಟ್ರ್ಯಾಕ್, ಅಂದ್ರ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಕೂಡಿಸಿದ ದನಿ. ತಬಲಾ ಬಾರ್ಸಾಕ ಬರ್ತೈತಿ ಅಂತ ತಬಲಾ, ಗಿಟಾರ್ ಬರ್ತೈತಿ ಅಂತ ಗಿಟಾರ್, ಕೊಳಲು, ಬೇಸ್, ಪೇಟಿ, ಅದರ ಮ್ಯಾಲ ಸಿಂಥ್ ಪ್ಯಾಡ್ (ಎಲೆಕ್ಟ್ರಾನಿಕ್ ಆಗಿ ಹುಟ್ಟಿಸಿದ ಉದ್ದನ್ನ ದನಿ), ಕಿಕ್ ಡ್ರಮ್. ಬಾರ್ಸಿದ್ದು ಒಂದೊಂದ ಬಿಡಿಯಾಗಿ ಕೇಳಿದ್ರ ಮನಸ್ಸು ತುಂಬತೈತಿ, ಕೂಡಿಸಿ ಕೇಳಿದ್ರ ಸಂತಿಯೊಳಗ ನಿಂತಂಗ. ಪೇಟಿ, ಗಿಟಾರ್, ದನಿ ಮೂರೂ ಮಧ್ಯದ ಫ್ರೀಕ್ವೆನ್ಸಿಯೊಳಗ ಒಂದರ ಮ್ಯಾಲ ಒಂದು ಕುಂತಿದ್ವು, ನಾ ಇಕ್ಯೂ (ದನಿಯೊಳಗಿನ ಒಂದೊಂದು ಫ್ರೀಕ್ವೆನ್ಸಿ ಹೆಚ್ಚು ಕಡಿಮಿ ಮಾಡೋ ಸಾಧನ) ಹಚ್ಚಿ ಕೆತ್ತಿ ಕೆತ್ತಿ ಜಾಗಾ ಮಾಡಾಕ ನೋಡಿದೆ. ಇದು ನನ್ನ ಮೊದಲನೇ ತಪ್ಪು, ಇಕ್ಯೂದಾಗ ಬಿಡಿಸೋ ಗಂಟಲ್ಲ ಅದು, ಅರ್ಧ ವಾದ್ಯ ತಗದ ಹಾಕು ಅಂತ ಅವತ್ತ ಹೇಳಬೇಕಿತ್ತು. ಮತ್ತ ಬ್ಯಾರೇದವರ ಹಾಡಿನಷ್ಟ ಜೋರ ಕೇಳಬೇಕು ಅಂತ ಲಿಮಿಟರ್ (ದನಿಯ ಏರು ತಡದು ಒಟ್ಟಾರೆ ಜೋರ ಮಾಡೋ ಸಾಧನ) ಒತ್ತಿದ್ವಿ, ಆದ್ರ ಸ್ಪಾಟಿಫೈ ಎಲ್ಲಾ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ದನಿಯ ಜೋರು ಅಳಿಯೋ ಮಾನ) ಮಟ್ಟಕ್ಕ ತಂದು ಕೇಳಸ್ತೈತಿ, ಹಂಗಾಗಿ ಒತ್ತಿದ್ದಕ್ಕ ಜೋರೂ ಆಗಲಿಲ್ಲ, ಏರಿಳಿತನೂ ಸತ್ತು ಹೋತು.

ಆರನೇ ಪೀಸ್ ಬ್ಯಾಂಡಿನ ಹಳೇ ಹಾಡಿನ ಟ್ಯೂನ್ ಇತ್ತು. ತನ್ನ ಒಬ್ಬನ ಹೆಸರಿಲೆ ಹಾಕಿದ್ದ. ಮೂರನೇ ದಿನ ಪುಣೆಯಿಂದ ಫೋನ್ ಬಂತು, "ಲೇ ದೋಸ್ತ, ಒಂದ ಮಾತ ಕೇಳಬೇಕಿತ್ತಲ್ಲಲೇ." ಬೈಗಳ ಇಲ್ಲ, ಕೇಸ್ ಹಾಕ್ತೀನಿ ಅನ್ನೋದಿಲ್ಲ, ಅಷ್ಟ ಅಂದು ಇಟ್ಟಬಿಟ್ಟ. ಆ ಟ್ಯೂನ್ ನಾಕು ಮಂದಿ ಒಂದ ಖೋಲಿಯೊಳಗ ಕುಂತು ಕಟ್ಟಿದ್ದು, ಯಾರ್ದು ಎಷ್ಟು ಅಂತ ಒಂದು ಚೀಟಿಯೊಳಗೂ ಬರದಿಟ್ಟಿದ್ದಿಲ್ಲ. ಅಂವ ಮರುದಿನ ಆ ಪೀಸ್ ತಗಸಿದ, ಆದ್ರ ಆ ದೋಸ್ತಿ ಮತ್ತ ಮೊದಲಿನಂಗ ಆಗಲಿಲ್ಲ. ಅಂವ ಇದನ್ನ ಹೇಳುವಾಗ ಇವತ್ತಿಗೂ ಮಾತು ನಿಲ್ತಾವ.

ಉಳಿದ ಐದು ಹಾಡಿಗೆ ರೊಕ್ಕ ಅಂತೂ ಬರ್ಲಿಲ್ಲ. ಕೇಳಿದವರು ಗೆಳ್ಯಾರು, ಗೆಳ್ಯಾರ ಗೆಳ್ಯಾರು. 2024ರಿಂದ ಸ್ಪಾಟಿಫೈದಾಗ ಒಂದು ಹಾಡು ವರ್ಷಕ್ಕ 1000 ಸಲ ಕೇಳಿಸ್ಕೊಳ್ಳದಿದ್ರ ಅದಕ್ಕ ರಾಯಲ್ಟಿನ ಹುಟ್ಟೂದಿಲ್ಲ ಅನ್ನೋ ನಿಯಮ ಬಂದಮ್ಯಾಲ ಆ ಐದೂ ಲೆಕ್ಕದಿಂದನ ಹೊರಗ ಬಿದ್ವು.

ಏನೇನು ಮಾಡಿ ನೋಡಿದ

ಕೇಳೋರಿಲ್ಲ ಅಂದ್ರ ಎದುರಿಗೆ ಕುಂತು ಬಾರ್ಸಿ ತೋರಸ್ತೀನಿ ಅಂತ ಹುಬ್ಬಳ್ಳಿಯೊಳಗ ಒಂದು ಸಣ್ಣ ಹಾಲಿನಾಗ ಸೋಲೋ ಶೋ ಇಟ್ಟ. ಎಡಕ್ಕ ತಬಲಾ, ಬಲಕ್ಕ ಕೀಬೋರ್ಡ್, ಹೆಗಲಿಗೆ ಗಿಟಾರ್, ಮುಂದ ಬಡದು ಬಾರ್ಸೋ ಎಲೆಕ್ಟ್ರಾನಿಕ್ ಪ್ಯಾಡ್, ಕಾಲಾಗ ಲೂಪರ್ (ಬಾರ್ಸಿದ್ದನ್ನ ಹಿಡಿದು ತಿರುಗಿ ತಿರುಗಿ ಕೇಳಸೋ ಪೆಡಲ್). ಒಂದು ಸಾಲು ಬಾರ್ಸಿ ಲೂಪ್ ಮಾಡೋದು, ಅದರ ಮ್ಯಾಲ ಮತ್ತೊಂದು, ಹಿಂಗ ಒಂದು ತಾಸು ಓಡ್ಯಾಡಿದ. ಪ್ಯಾಡ್ ಬಡದ್ರ ದನಿ ತಡಾ ಆಗಿ ಬರ್ತಿತ್ತು, ಅದಕ್ಕ ಅಂವ ಕೈ ಮುಂಚೇನ ಬೀಸಿ ಹೊಂದಿಸಾಕ ನೋಡ್ತಿದ್ದ, ಅದರಿಂದ ಲಯ ಇನ್ನಷ್ಟು ಕೆಡ್ತಿತ್ತು. ಚಪ್ಪಾಳಿ ಏನೋ ಭಾಳ ಬಿದ್ವು. "ಒಬ್ಬನ ಎಷ್ಟ ಬಾರಸ್ತಾನ ನೋಡೋ" ಅಂತ ಮಂದಿ ಮೊಬೈಲಿನಾಗ ಹಿಡಕೊಂಡ್ರು, ಆದ್ರ ಹೊರಗ ಚಾ ಕುಡಿಯೋವಾಗ ಒಬ್ಬರ ಬಾಯಾಗೂ ಒಂದು ಟ್ಯೂನ್ ಉಳದಿದ್ದಿಲ್ಲ.

ಅವನ ತಬಲಾ ಮಾಸ್ತರ್ ಅವತ್ತು ಬಸ್ ಹತ್ತಿ ಬಂದಿದ್ರು. ಶೋ ಮುಗದಮ್ಯಾಲ ಇಂವ ಕಾಲಿಗೆ ಬಿದ್ದ. ಅವರು ತಲಿ ಮ್ಯಾಲ ಕೈ ಇಟ್ಟು, "ತಮ್ಮಾ, ಕೈ ಛಲೋ ಅದಾವ. ಎಲ್ಲಾ ಸಾಥ್ ಮಾಡಿದಂಗ ಬಾರ್ಸಿದಿ. ಆದ್ರ ಹಾಡಾಂವ ಯಾರಿದ್ದ?" ಅಂದ್ರು. ಇಂವ "ಯಾರೂ ಇದ್ದಿಲ್ರಿ ಮಾಸ್ತರ್, ಸೋಲೋ ಅಲ್ರಿ" ಅಂದ. ಅವರು "ಹೂಂ" ಅಂದ್ರು, ಹೋಗಾಕ ಲೇಟ್ ಆಗ್ತೈತಿ ಅಂತ ಎದ್ದ್ರು.

ನನ್ನ ಪ್ರಕಾರ ಈ ಪ್ರಕರಣದ ಬಾಗಿಲ ಅದ ಪ್ರಶ್ನೆ. ತಬಲಾದಾಂವಗ ಮೊದಲು ಕಲಿಸೋದು ಠೇಕಾ (ತಾಳದ ಮೂಲ ಬೋಲು) ಹಿಡಿಯೋದು, ಹಾಡೋರು ವಿಲಂಬಿತದಾಗ (ನಿಧಾನ ಲಯದಾಗ) ಬಡ್ಹತ್ ಮಾಡುವಾಗ, ಅಂದ್ರ ರಾಗ ಮೆಲ್ಲಕ ಬೆಳಸುವಾಗ, ಸುಮ್ನ ನೇರ ಏಕತಾಲದ ಹನ್ನೆರಡು ಮಾತ್ರಾ ಕೊಡೋದು, ಅವಕಾಶ ಕೊಟ್ಟಾಗಷ್ಟ ಕೈ ಬಿಚ್ಚೋದು. ಈ ಹುಡುಗನ ಎಲ್ಲಾ ವಿದ್ಯಾನೂ ಬ್ಯಾರೇದವರ ಸಲುವಾಗಿ ಕಲ್ತದ್ದು, ಬ್ಯಾಂಡಿನ್ಯಾಗೂ ಜಾಗಾ ತುಂಬಾಂವ, ಆರ್ಕೆಸ್ಟ್ರಾದಾಗೂ ಜಾಗಾ ತುಂಬಾಂವ. ಒಬ್ಬನ ಆದಾಗ ಜಾಗಾ ಎಲ್ಲಾ ಖಾಲಿ ಇದ್ವು, ಅದಕ್ಕ ಎಲ್ಲಾ ತುಂಬಿದ.

ಧಾರವಾಡದಾಗ ಇನ್ನೊಂದು ಮಾತೂ ಅವನ ಕಿವಿಗೆ ಬೀಳ್ತಿತ್ತು, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಊರಾಗ ಈ ಮಷೀನ್ ಸಂಗೀತ ಯಾಕ ಅಂತ. ಈ ಮಾತು ನನಗ ಒಪ್ಪಿಗಿ ಇಲ್ಲ. ಇಲ್ಲಿ ರಿಯಾಜ್ ನಡಿಯೋ ಎಷ್ಟೋ ಮನಿಯೊಳಗ ಎಲೆಕ್ಟ್ರಾನಿಕ್ ತಂಬೂರಿ ಐತಿ, ಈಗ ಮೊಬೈಲ್ ಆ್ಯಪೂ ಬಂದೈತಿ. 1982ರಾಗ ಮುಂಬಯಿಯೊಳಗ ಚರಣಜಿತ್ ಸಿಂಗ್ ಅನ್ನೋರು, ಸಿನಿಮಾ ಹಾಡಿಗೆ ಹಲವು ವಾದ್ಯ ಬಾರಸ್ತಿದ್ದ ಇಂಥಾ ಕಲಾವಿದರ, ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಮೂರು ಮಷೀನ್ ಇಟ್ಕೊಂಡು ರಾಗ ಬಾರ್ಸಿ ರೆಕಾರ್ಡ್ ಮಾಡಿದ್ರು. ಅವಾಗ ಅದನ್ನ ಕೇಳಿದವರು ಕಡಿಮಿ, 2010ರಾಗ ಮತ್ತ ಬಿಡುಗಡಿ ಆದಾಗ ಜಗತ್ತು ತಿರುಗಿ ನೋಡ್ತು. ಹಂಗಾಗಿ ಮಷೀನ್ ಬ್ಯಾಡ ಅನ್ನೋದಕ್ಕಿಂತ ಮಷೀನ್ ಯಾರ ಹಿಂದ ಹೋಗ್ಬೇಕು ಅನ್ನೋದು ದೊಡ್ಡ ಪ್ರಶ್ನೆ ಅಂತ ನಂಗನಸ್ತೈತಿ.

ಬೀಸೋ ಕಲ್ಲು

ಶೋ ಆದ ಮ್ಯಾಲ ಮೂರು ತಿಂಗಳು ಅಂವ ಏನೂ ಮಾಡಲಿಲ್ಲ. ಊರಿಗೆ ಹೋದಾಗ ದೊಡ್ಡವ್ವನ ಮನಿ ಅಟ್ಟದ ಕೆಳಗ ಬೀಸೋಕಲ್ಲು ಕಂಡೈತಿ. ಗಿರಣಿ ಬಂದಮ್ಯಾಲ ಅದಕ್ಕ ಕೈ ಹಚ್ಚಿದವರಿಲ್ಲ. ದೊಡ್ಡವ್ವಗ ಎಪ್ಪತ್ತರ ಮ್ಯಾಲ. "ದೊಡ್ಡವ್ವಾ, ಒಂದ ಸಲ ಬೀಸಿ ಒಂದ ಪದಾ ಹಾಡ್ತೀಯೇನ" ಅಂತ ಕೇಳ್ಯಾನ. ಆಕಿ "ಹಿಟ್ಟ ಬೇಕಾಗಿಲ್ಲ, ಪದಾ ಯಾಕೋ" ಅಂದ್ಲು, ಆದ್ರ ಮರುದಿನ ಮುಂಜಾನೆ ತಾನ ಜ್ವಾಳ ತಗೊಂಡು ಕುಂತ್ಲು. ನನ್ನ ಹತ್ರ ಇದ್ದ ಸಣ್ಣ ರೆಕಾರ್ಡರ್ ಅಂವ ಒಯ್ದಿದ್ದ, ಒಂದು ಮೈಕ್ ಕಲ್ಲಿನ ಹತ್ರ ಕೆಳಗ, ಒಂದು ದೊಡ್ಡವ್ವನ ಬಾಯಿ ಎತ್ತರಕ್ಕ. ಇಪ್ಪತ್ತು ನಿಮಿಷ.

ಅದನ್ನ ನನ್ನ ರೂಮಿಗೆ ತಂದಾಗ ಇಬ್ರೂ ಕೂಡಿ ಹಾಳ ಮಾಡಿದ್ವಿ. ಕಲ್ಲಿನ ಗತಿ ನಿಮಿಷಕ್ಕ 62 ಸುತ್ತಿನಿಂದ 70ರ ತನಕ ಏರಿ ಇಳೀತಿತ್ತು, ಅಂವ ಅದನ್ನ ಎಳದು 66ಕ್ಕ ಗ್ರಿಡ್ (ಸಾಫ್ಟ್‌ವೇರಿನಾಗ ಸಮ ಅಂತರದ ತಾಳದ ಗೆರಿ) ಮ್ಯಾಲ ಕೂಡಿಸಿದ. ದೊಡ್ಡವ್ವನ ಗಾಂಧಾರ (ಗ ಸ್ವರ) ಕೀಬೋರ್ಡಿಗೆ ಹೊಂದಂಗಿಲ್ಲ ಅಂತ ಪಿಚ್ ಕರೆಕ್ಷನ್ (ಹಾಡಿದ ಸ್ವರ ಎಳದು ಕೀಬೋರ್ಡಿಗೆ ಕೂಡಿಸೋದು) ಹಚ್ಚು ಅಂದಾಂವ ನಾನು, ಎರಡನೇ ತಪ್ಪು. ಬೀಸೋ ಪದ ತ್ರಿಪದಿ, ಮೂರು ಸಾಲಿಂದು, ಹಾಡುವಾಗ ಎರಡನೇ ಸಾಲು ತಿರುಗಿ ಬಂದು ನಾಕು ಆಗ್ತೈತಿ, ಆ ತಿರುಗಿ ಬಂದ ಸಾಲನ್ನ ಅಂವ ಕತ್ತರಿಸಿ ಹಾಕಿದ, ಹೆಂಗೂ ನಾ ಲೂಪ್ ಮಾಡ್ತೀನಲ್ಲ ಅಂತ. ಎರಡು ದಿನ ಕೆಲಸ ಮಾಡಿ ಕೇಳಿದಾಗ ಅದರಾಗ ದೊಡ್ಡವ್ವ ಇದ್ದಿದ್ದಿಲ್ಲ, ಕಲ್ಲೂ ಇದ್ದಿದ್ದಿಲ್ಲ.

ಅಂವ ಮೂಲ ರೆಕಾರ್ಡಿಂಗ್ ತಗದು ಹೆಡ್‌ಫೋನ್ ಹಾಕ್ಕೊಂಡು ಸುಮ್ನ ತೊಡಿ ಮ್ಯಾಲ ಠೇಕಾ ಹಾಕ್ತ ಕುಂತ. ಸ್ವಲ್ಪ ಹೊತ್ತಿಗೆ ಅಂವಗ ಹೊಳೀತು, ಗತಿ ಸುಮ್‌ಸುಮ್ನ ಏರಿಳಿಯಾಕತ್ತಿಲ್ಲ. ದೊಡ್ಡವ್ವ ಕಲ್ಲಿನ ಬಾಯಾಗ ಹಿಡಿ ಜ್ವಾಳ ಹಾಕಿದಾಗ ಕಲ್ಲು ಭಾರ ಆಗ್ತೈತಿ, ನಿಧಾನ ಆಗ್ತೈತಿ, ಕಾಳು ನುರಿದಂಗ ಹಗರ ಆಗಿ ಗತಿ ಏರ್ತೈತಿ. ಹಾಡಿನ ಉಸರು ಆ ಹಿಡಿಯ ಲೆಕ್ಕಕ್ಕ ಕುಂತೈತಿ. ತಿರುಗಿ ಬರೋ ಎರಡನೇ ಸಾಲೂ ಮೊದಲಿನದ್ದ ಅಲ್ಲ, ಎರಡನೇ ಸಲಕ್ಕ ಆಕಿ ಕೊನೀ ಸ್ವರ ಸ್ವಲ್ಪ ಇಳಿಸ್ತಾಳ, ಯಾಕಂದ್ರ ಆವಾಗ ಕೈ ಜ್ವಾಳದ ಕಡೆ ಹೋಗಿರ್ತೈತಿ. ಲೂಪ್ ಅಂದ್ರ ಅದ ಮತ್ತ ಬರೋದು, ಆಕಿ ತಿರುಗಿ ಹಾಡಿದ್ದು ಬ್ಯಾರೆ. "ಅಣ್ಣಾ, ಇಲ್ಲಿ ಹಾಡೋರು ಅದಾರ. ನಾ ಸಾಥ್ ಮಾಡ್ಬೇಕು ಅಷ್ಟ" ಅಂದ. ನನಗ ಮೈ ಜುಂ ಅಂತು.

ಅಲ್ಲಿಂದ ಎಲ್ಲಾ ತಿರುವಿ ಹಾಕಿದ. ಕಲ್ಲನ್ನ ಗ್ರಿಡ್ಡಿಗೆ ತರೋದು ಬಿಟ್ಟು, ಒಂದೊಂದು ಸುತ್ತಿಗೂ ಗುರ್ತು ಹಾಕ್ಕೊಂತ ಹೋಗಿ ಸಾಫ್ಟ್‌ವೇರಿನ ಟೆಂಪೋನ, ಅಂದ್ರ ಗತಿನ, ಕಲ್ಲಿನ ಹಿಂದ ಕಳಿಸಿದ. ಇದಕ್ಕ ನಾಕು ದಿನ ಹಿಡೀತು, ಬ್ಯಾಸರದ ಕೆಲಸ, ಆದ್ರ ಅದ ಈ ಪೀಸಿನ ಜೀವ. ಶ್ರುತಿದೂ ಹಂಗ. ದೊಡ್ಡವ್ವನ ಷಡ್ಜ (ಸ ಸ್ವರ) ಹೆಚ್ಚುಕಮ್ಮಿ 220 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ರ ಇತ್ತು. ಆ ಷಡ್ಜಕ್ಕ ತಂಬೂರಿ ತಂತಿಯೊಳಗಿಂದ ತಾನ ಏಳೋ ಗಾಂಧಾರ 275 ಹರ್ಟ್ಜ್, ಕೀಬೋರ್ಡಿನ ಗಾಂಧಾರ 277.2, ಎರಡೂ ಕೂಡಿ ನುಡಿಸಿದ್ರ ಸೆಕೆಂಡಿಗೆ ಎರಡು ಸಲ ದನಿ ಅಲುಗಾಡ್ತೈತಿ. ದೊಡ್ಡವ್ವ ಸ್ವರದ ಹೆಸರು ಕಲ್ತಾಕಿ ಅಲ್ಲ, ಆದ್ರೂ ಆಕಿ ದನಿ ನಿಲ್ಲೋದು ತಂಬೂರಿ ಕಡೆಗೆ. ಅಂವ ಸಿಂಥಿನ ಒಂದೊಂದು ಸ್ವರನೂ ಆಕಿ ದನಿಗೆ ಇಳಿಸಿ ಕೂಡಿಸಿದ, ನಾ ಹಚ್ಚಿದ್ದ ಕರೆಕ್ಷನ್ ತಗದ ಒಗದ. ಉಳಿದದ್ದು ಏಳು ಟ್ರ್ಯಾಕ್. ಕಲ್ಲು ಎರಡು, ದನಿ ಒಂದು, ಒಂದು ಸಿಂಥ್ ಷಡ್ಜ, ಒಂದು ತಗ್ಗಿನ ಬೇಸ್, ತಬಲಾದ ಡಗ್ಗಾ (ಎಡಗೈಲೆ ಬಾರ್ಸೋದು) ಒಂದ, ಕೊನೀಗೆ ಒಂದು ನಿಮಿಷ ಕೊಳಲು. ಗಿಟಾರ್ ಇಲ್ಲ. ಅಂವ ಗಿಟಾರ್ ಟ್ರ್ಯಾಕ್ ಅಳಿಸುವಾಗ ನಾ ಬಾಜೂಕ ಕುಂತಿದ್ದೆ, ಅಳಿಸೋಕ್ಕಿಂತ ಮೊದ್ಲ ಎರಡು ಸಲ ಕೇಳಿದ, ಭಾಳ ಛಲೋ ಬಾರ್ಸಿದ್ದ.

ಹಿಂಗ ಟ್ರ್ಯಾಕ್ ಕಡಿಮಿ ಆಗಿದ್ದಕ್ಕ ಇನ್ನೊಂದು ಲಾಭ ಆತು. ಶೋದಾಗ ಪ್ಯಾಡ್ ತಡಾ ಆಗಾಕ ಕಾರಣ, ಐವತ್ತು ಟ್ರ್ಯಾಕ್ ಹೊರಾಕ ಆಗದ ಹಳೇ ಲ್ಯಾಪ್‌ಟಾಪಿಗೆ ಬಫರ್ (ದನಿ ಹೊರಗ ಬಿಡೋಕ್ಕಿಂತ ಮೊದ್ಲ ಕೂಡಿಟ್ಕೊಳ್ಳೋ ದನಿಯ ತುಣುಕು, ಅಂದ್ರ ಸ್ಯಾಂಪಲ್) 1024 ಇಟ್ಟಿದ್ದು. ಸೆಕೆಂಡಿಗೆ 44,100 ಸ್ಯಾಂಪಲ್ ರೇಟಿಗೆ ಅದೊಂದರಿಂದನ 23 ಮಿಲಿಸೆಕೆಂಡ್ ತಡಾ. ಏಳು ಟ್ರ್ಯಾಕಿಗೆ 128 ಸಾಕಾತು, 3 ಮಿಲಿಸೆಕೆಂಡಿಗೆ ಬಂತು. ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡಬೇಕು ಅಂತ ಮನಿಯೊಳಗ ಮಾತು ನಡದಿತ್ತು, ಅದು ಉಳೀತು.

ಕಾಗದ, ರೊಕ್ಕ, ಬ್ಯಾಡ ಅಂದದ್ದು

ಪುಣೆ ಫೋನಿನ ನೋವು ಇನ್ನೂ ಹಸಿ ಇತ್ತು, ಅದಕ್ಕ ಅಂವ ಹಾಡು ಬಿಡೋಕ್ಕಿಂತ ಮೊದ್ಲ ದೊಡ್ಡವ್ವನ ಜೋಡಿ ಕಾಗದ ಮಾಡ್ದ. ಪದ ಜನಪದದ್ದು, ಬರದವರು ಯಾರಂತ ಇಲ್ಲ ಖರೆ, ಆದ್ರ ಅವತ್ತು ಆಕಿ ಹಾಡಿದ ಹಾಡುಗಾರಿಕಿ ಆಕಿದು. ಕೃತಿಸ್ವಾಮ್ಯ ಕಾಯ್ದೆಯೊಳಗ ಹಾಡೋರಿಗೆ 50 ವರ್ಷ ಹಕ್ಕು ಇರ್ತೈತಿ, 2012ರ ತಿದ್ದುಪಡಿ ಆದಮ್ಯಾಲ ಅದು ಇನ್ನೂ ಗಟ್ಟಿ ಆತು. ನಮ್ಮ ಕಡೆ ಜಾನಪದ ರೆಕಾರ್ಡ್ ಮಾಡೋ ಎಷ್ಟೋ ಮಂದಿ ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ, ಅಜ್ಜಿಗೆ ಒಂದು ಸೀರಿ ಕೊಟ್ಟು ಬರ್ತಾರ, ಇದು ನನಗ ಭಾಳ ಕೆಡಕ ಅನಸ್ತೈತಿ. ಕಾಗದದಾಗ ಅರ್ಧ ರೊಕ್ಕ ದೊಡ್ಡವ್ವಗ ಅಂತ ಬರದ್ರು. ಆಕಿ "ನಮ್ಮವ್ವ ಕಲಿಸಿದ ಪದಕ್ಕ ನಾ ಹೆಂಗ ರೊಕ್ಕ ತಗೊಳ್ಳೋ" ಅಂದ್ಲು, ಕಡೀಕ ಒಪ್ಪಿದ್ಲು, ಆದ್ರ ತನ್ನದೂ ಒಂದು ಮಾತು ಬರಸಿದ್ಲು: ಕುಡಿಯೋ ಜಾಗಾದಾಗ ಇದನ್ನ ಹಚ್ಚಬಾರ್ದು.

ಈ ಮಾತಿನಿಂದ ಅಂವಗ ನಷ್ಟ ಆಗೈತಿ. ಬೆಂಗಳೂರಿನಾಗ ಇಂಥಾ ಸಂಗೀತಕ್ಕ ಜಾಗಾ ಸಿಗೋದು ಹೆಚ್ಚು ಪಬ್‌ನಾಗ, ಅಲ್ಲಿಂದ ಬಂದ ಎರಡು ಕರೆ ಬಿಟ್ಟ. ಅದಕ್ಕಿಂತ ದೊಡ್ಡದು ಮುಂದ ಬಂತು. ಒಂದು ಕಂಪನಿಯವರು ಗೋಧಿ ಹಿಟ್ಟಿನ ಜಾಹೀರಾತಿಗೆ ಆ ಪೀಸ್ ಕೇಳಿದ್ರು, ಒಮ್ಮೆಗೆ ರೊಕ್ಕ, ಎಲ್ಲಾ ಹಕ್ಕು ಅವರಿಗೆ. ಅಂವ ಒಂದು ವರ್ಷ ಪಾಠ ಹೇಳಿ ಗಳಿಸೋದಕ್ಕಿಂತ ಹೆಚ್ಚಿನ ರೊಕ್ಕ. ನಾ "ತಗೊ" ಅಂದೆ. ಅಂವ ಊರಿಗೆ ಹೋಗಿ ದೊಡ್ಡವ್ವನ ಕೇಳಿದ. ಆಕಿ "ಅವರ ಹಿಟ್ಟ ಕಲ್ಲಿಲೆ ಬೀಸಿದ್ದೇನು?" ಅಂತ ಕೇಳಿದ್ಲು. ಅಲ್ಲ ಅಂದ. "ಮತ್ತ ನನ್ನ ದನಿ ಯಾಕ ಬೇಕು ಅವರಿಗೆ?" ಅಂವ ಬ್ಯಾಡ ಅಂತ ಫೋನ್ ಮಾಡಿ ಹೇಳ್ದ. ನಾ ಅವತ್ತು ಬೈದೆ. ಇವತ್ತು ಬೈಯ್ಯೂದಿಲ್ಲ.

ಆದದ್ದು, ಅದರಿಂದ ತಿಳಿದದ್ದು

ಬೀಸೋ ಪದದ ಪೀಸ್ ಮೊದಲಿನ ಐದಕ್ಕಿಂತ ಹೆಚ್ಚು ಮಂದಿಗೆ ಮುಟ್ತು, ಆದ್ರ ದೊಡ್ಡ ಸುದ್ದಿ ಏನೂ ಆಗಲಿಲ್ಲ. ಬ್ಯಾಂಡ್‌ಕ್ಯಾಂಪಿನಾಗ ಇಟ್ಟಾನ, ಅದು ಕಲಾವಿದರು ಕೇಳೋರಿಗೆ ನೇರ ಹಾಡು ಮಾರೋ ವೆಬ್‌ಸೈಟ್, ಅವರು ಡಿಜಿಟಲ್ ಮಾರಾಟದಾಗ 15 ಪರ್ಸೆಂಟ್, ಮತ್ತ ರೊಕ್ಕ ಪಾವತಿಯ ಖರ್ಚು ಹಿಡದು ಉಳಿದದ್ದು ಕೊಡ್ತಾರ, ಹನಿ ಹನಿ ಬರ್ತೈತಿ. ನಿಜವಾದ ಬದಲಾವಣಿ ಬಂದದ್ದು ನಾಟಕದ ಮಂದಿಯಿಂದ. ಒಂದು ತಂಡದವರು ಅದನ್ನ ಕೇಳಿ ಕರದ್ರು, ನಟರು ಮಾತಾಡೋವಾಗ ಸುಮ್ನ ಇರಾಕ ಬರೋ ಸಂಗೀತಗಾರ ಬೇಕಾಗಿತ್ತಂತ ಅವರಿಗೆ. ಅಂವಗ ಇದು ಮೈಗೂಡಿದ ವಿದ್ಯಾ. ಈಗ ವರ್ಷಕ್ಕ ಮೂರು ನಾಕು ನಾಟಕ ಬರ್ತಾವ, ಉಳಿದ ದಿನ ಮಕ್ಕಳಿಗೆ ಗಿಟಾರ್, ಕೀಬೋರ್ಡ್ ಪಾಠ. ಆರ್ಕೆಸ್ಟ್ರಾ ಬಿಟ್ಟಾನ.

ಲೈವ್ ಈಗ ಬ್ಯಾರೆ ಥರಾ. ಒಂದು ಲ್ಯಾಪ್‌ಟಾಪ್, ಒಂದು ಪ್ಯಾಡ್, ಒಂದು ಡಗ್ಗಾ, ಕೆಳಗ ಜಮಖಾನಿ ಮ್ಯಾಲ ಕುಂದರ್ತಾನ. ಒಂದು ಪೀಸಿಗೆ ಕೈಲೆ ಬಾರ್ಸೋದು ಒಂದ ವಾದ್ಯ ಅಂತ ಕಟ್ಟು ಹಾಕ್ಕೊಂಡಾನ.

ಇದನ್ನ ಓದೋ ಹುಡುಗರು ಕೇಳಬಹುದು, ಹಂಗಾದ್ರ ನಾವೂ ಹಳೇ ಕಲ್ಲು ಹುಡುಕಬೇಕೇನು ಅಂತ. ನಾ ಹಂಗ ಹೇಳೂದಿಲ್ಲ. ಇಲ್ಲಿ ಕೆಲಸ ಮಾಡಿದ್ದು ಕಲ್ಲಲ್ಲ, ಯಾರು ಮುಂದ ಯಾರು ಹಿಂದ ಅಂತ ಅಂವ ಮೊದ್ಲ ಠರಾವ್ ಮಾಡಿದ್ದು. ನಿಮ್ಮ ಪೀಸಿನ್ಯಾಗ ಮುಂದಿರೋದು ನಿಮ್ಮ ದನಿನ ಇರ್ಲಿ, ಒಂದು ಸಿಂಥ್ ಇರ್ಲಿ, ಆದ್ರ ಅದು ಉಸರು ತಗೊಳ್ಳೋ ಕಡೆ ನೀವು ಬಾರ್ಸಬಾರ್ದು. ಹೆಚ್ಚು ವಾದ್ಯ ಗೊತ್ತಿದ್ದವರಿಗೆ ಇದು ಹೆಚ್ಚು ತ್ರಾಸ ಆಗ್ತೈತಿ, ಕೈ ಕೇಳೂದಿಲ್ಲ. ಮತ್ತ ಕಾಗದ. ದೋಸ್ತರ ನಡುವ ಕಾಗದ ಮಾಡಿದ್ರ ನಂಬಿಕಿ ಕಡಿಮಿ ಅಂತ ನಮ್ಮ ಕಡೆ ತಿಳಕೊಂಡಾರ, ಈ ಪ್ರಕರಣದಾಗ ಕಾಗದ ಇಲ್ಲದ ಕಡೆ ದೋಸ್ತಿ ಹೋತು, ಇದ್ದ ಕಡೆ ದೊಡ್ಡವ್ವ ಧೈರ್ಯದಿಂದ ಬ್ಯಾಡ ಅಂದ್ಲು. ಬ್ಯಾಂಡ್ ಕಟ್ಟೋರು ಮೊದಲನೇ ಹಾಡು ಆದ ದಿನಾನ, ಎಲ್ಲಾರೂ ಖುಷಿ ಇದ್ದಾಗನ, ಯಾರ್ದು ಎಷ್ಟು ಅಂತ ಒಂದು ಹಾಳಿಯೊಳಗ ಬರದು ಸಹಿ ಮಾಡ್ರಿ.

ಈಗ ಅಂವ ಬೆಟಗೇರಿಯೊಳಗ ಒಬ್ಬ ಹಿರಿಯರ ಕೈಮಗ್ಗದ ಬಾಜೂಕ ಕುಂದರಾಕ ಹೋಗ್ತಾನ. ರೆಕಾರ್ಡರ್ ಇನ್ನೂ ಒಯ್ದಿಲ್ಲ. ಲಾಳಿ ಆ ಕಡೆಯಿಂದ ಈ ಕಡೆ ಬರೋ ನಡುವ ಅವರು ಏನು ಮಾಡ್ತಾರ ಅಂತ ಮೊದ್ಲ ನೋಡಬೇಕಂತ.

ಬೀಸೋ ಪದದ ಪೀಸ್ ಮುಗದಾಗ ದೊಡ್ಡವ್ವಗ ಹೆಡ್‌ಫೋನ್ ಹಾಕಿ ಕೇಳಿಸಿದ್ದ. ಆಕಿ ಕಣ್ಣು ಮುಚ್ಚಿ ಪೂರಾ ಕೇಳಿದ್ಲಂತ, ಸಿಂಥ್ ಬಗ್ಗೆ ಏನೂ ಅನ್ನಲಿಲ್ಲ, ತನ್ನ ದನಿ ಬಗ್ಗೆನೂ ಏನೂ ಅನ್ನಲಿಲ್ಲ. "ಕಲ್ಲು ಸವದೈತೋ. ಜ್ವಾಳ ನುರಿಯೂದಿಲ್ಲ, ಜಾರತೈತಿ, ಕೇಳಿಸೂದಿಲ್ಲೇನು? ಕೆತ್ತಿಸ್ಕೊಂಡ ಬಾ, ಮತ್ತ ಹಾಡ್ತೀನಿ" ಅಂದ್ಲು. ಅವತ್ತಿನಿಂದ ಅಂವ ಬೀಸೋಕಲ್ಲು ಕೆತ್ತೋರನ್ನ ಹುಡುಕಾಕತ್ತಾನ. ಎರಡು ಸಂತಿ ತಿರುಗಿ ಬಂದ, ಸಿಗಲಿಲ್ಲ. ಜಾತ್ರಿಗೆ ಒಬ್ರು ಬರ್ತಾರ ಅಂತ ಯಾರೋ ಹೇಳ್ಯಾರ, ಕಲ್ಲು ಒಯ್ಯಾಕ ನನ್ನ ಗಾಡಿ ಕೇಳ್ಯಾನ.